ಚಿಗರಿಗೆ ಸ್ವೆಟರ್ ಹೆಣೆದದ್ದು

ನಮ್ಮ ಕಡೆಗೆ ಬಿಸಿಲನಾಡು ಅಂತ ಹೆಸರು. ಏಪ್ರಿಲ್, ಮೇ ತಿಂಗಳಲ್ಲಿ ಬಂದು ಹೋದವರಿಗೆ ಬೀದರಿನಲ್ಲಿ ಸ್ವೆಟರ್ ಬೇಕಾಗುತ್ತದೆ ಅಂದರೆ ನಂಬುವುದಿಲ್ಲ. ಆದರೆ ನಮ್ಮ ಊರು ಸುಮಾರು 2,300 ಅಡಿ ಎತ್ತರದಲ್ಲಿದೆ. ಸುತ್ತ ಬಯಲು. ಡಿಸೆಂಬರಿನಲ್ಲಿ ಉತ್ತರದ ಗಾಳಿ ಬೀಸಿತೆಂದರೆ ಅದಕ್ಕೆ ತಡೆಯೇ ಇಲ್ಲ. ಕೆಲವು ರಾತ್ರಿ ಥಂಡಿ ಒಂದಂಕಿ ಡಿಗ್ರಿಗೆ ಇಳಿಯುತ್ತದೆ. ಮತ್ತೆ ಮಧ್ಯಾಹ್ನ ಮೈ ಸುಡುವ ಬಿಸಿಲು.

ಇಂಥ ಒಂದು ಬೆಳಗಿನ ಜಾವ ನಮ್ಮ ಚಿಗರಿ ಎದ್ದು ನಿಲ್ಲಲು ಒದ್ದಾಡುವುದನ್ನು ನೋಡಿದೆ. ಅವಳು ನಮ್ಮ ನಾಯಿ. ಒಂಬತ್ತು ವರ್ಷ ಆಗಿದೆ. ಅವಳ ತಾಯಿ ಬೀದಿಯದು, ತಂದೆ ಮುಧೋಳ ಜಾತಿಯದು ಇರಬೇಕು ಅಂತ ನಮ್ಮ ಅಂದಾಜು. ಉದ್ದ ಕಾಲು, ಆಳವಾದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ, ಚೂಪಾದ ಮೂತಿ. ಮರಿ ಇದ್ದಾಗ ಜಿಂಕೆಯ ಹಾಗೆ ಓಡುವುದನ್ನು ನೋಡಿ ನಮ್ಮ ಮಾವ ಚಿಗರಿ ಅಂತ ಹೆಸರಿಟ್ಟರು. ಇಂಥ ನಾಯಿಗಳ ಕೂದಲು ತೀರಾ ಗಿಡ್ಡ. ಚರ್ಮದ ಕೆಳಗೆ ಕೊಬ್ಬೂ ಕಡಿಮೆ. ಓಡುವುದಕ್ಕೆ ಒಳ್ಳೆಯ ಮೈ, ಥಂಡಿ ತಡೆಯುವುದಕ್ಕಲ್ಲ. ಅದರ ಮೇಲೆ ವಯಸ್ಸು. ಹಿಂದಿನ ಕಾಲಿನ ಕೀಲು ಬಿಗಿಯುತ್ತದೆ. ಮಲಗುವುದು ಪಡಸಾಲೆಯ ಶಹಾಬಾದಿ ಫರಸಿ ಮೇಲೆ. ರಾತ್ರಿ ಆ ಕಲ್ಲು ಹೇಗೆ ತಣ್ಣಗಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಮೊದಲು ಮನೆಯಲ್ಲಿದ್ದ ಹಳೆಯ ಕಂಬಳಿಯ ತುಂಡು ಕತ್ತರಿಸಿ ಬೆನ್ನಿಗೆ ಕಟ್ಟಿದೆ. ಕುರಿ ಉಣ್ಣೆಯ ಕರಿ ಕಂಬಳಿ, ಬೆಚ್ಚಗೇನೋ ಇತ್ತು. ಆದರೆ ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕೂದಲು ಕಡಿಮೆ ಇರುವ ಅವಳ ಹೊಟ್ಟೆಗೆ ಅದು ಚುಚ್ಚುತ್ತಿತ್ತು. ಒಂದೇ ರಾತ್ರಿಯಲ್ಲಿ ಗೋಡೆಗೆ ಮೈ ತಿಕ್ಕಿ ತಿಕ್ಕಿ ಕಿತ್ತು ಹಾಕಿದಳು. ಆ ತುಂಡನ್ನು ನಾನು ಎಸೆಯಲಿಲ್ಲ. ನಾಲ್ಕು ಮಡಿಕೆ ಮಾಡಿ, ಗೋಣಿತಟ್ಟಿನ ಮೇಲೆ ಹಾಸಿದೆ. ಇವತ್ತಿಗೂ ಅದೇ ಅವಳ ಹಾಸಿಗೆ. ಇದನ್ನು ಮೊದಲೇ ಹೇಳಲು ಕಾರಣ ಇದೆ. ನಾಯಿಗೆ ಥಂಡಿ ಅರ್ಧ ಕೆಳಗಿನಿಂದ ಬರುತ್ತದೆ. ಕೆಳಗೆ ಏನೂ ಹಾಸದೆ ಬರೀ ಬೆನ್ನಿಗೆ ಹೊದಿಸಿದರೆ ಪ್ರಯೋಜನ ಕಡಿಮೆ.

ನಾನು ಮನೆಯಲ್ಲಿ ಬ್ಲೌಸ್, ಲಂಗ ಹೊಲಿಯುತ್ತೇನೆ. ಅಳತೆ, ಕಟಿಂಗ್ ನನಗೆ ಹೊಸದಲ್ಲ. ಆದರೆ ಹೆಣಿಗೆ ಬರುತ್ತಿರಲಿಲ್ಲ. ನಮ್ಮ ಕಡೆ ಸ್ವೆಟರ್ ಹೆಣೆಯುವವರು ಎಷ್ಟು ಜನ ಇದ್ದಾರೆ ಹೇಳಿ? ನನ್ನ ಪುಣ್ಯಕ್ಕೆ ನಮ್ಮ ಓಣಿಯಲ್ಲಿ ಒಬ್ಬರು ಬೀಜಿ ಇದ್ದಾರೆ. ಪಂಜಾಬಿಯಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಪಂಜಾಬಿನಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಗುರುನಾನಕ್ ಝೀರಾ ಗುರುದ್ವಾರ ಇರುವುದರಿಂದ ಬೀದರಿನಲ್ಲಿ ಸಿಖ್ಖರ ಮನೆಗಳು ಮೊದಲಿನಿಂದ ಇವೆ. ಗುರು ಗೋವಿಂದ ಸಿಂಗರ ಪಂಚ ಪ್ಯಾರೇಗಳಲ್ಲಿ, ಅಂದರೆ ಐದು ಮಂದಿ ಪ್ರಿಯ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ ಅಂತ ಬೀಜಿ ಅಭಿಮಾನದಿಂದ ಹೇಳುತ್ತಾರೆ. ಅವರ ಕೈಯಲ್ಲಿ ಮಾತಾಡುವಾಗಲೂ ಕಡ್ಡಿ ಆಡುತ್ತಲೇ ಇರುತ್ತದೆ. ಕಣ್ಣು ಕೂಡ ಅತ್ತ ಹೋಗುವುದಿಲ್ಲ.

ಹೋಗಿ ಕೇಳಿದೆ. ನಾಯಿಗೆ ಅಂದಾಗ ಅವರು ಆಶ್ಚರ್ಯಪಡಲಿಲ್ಲ.

"ನಮ್ಮ ಹಳ್ಳ್ಯಾಗ ಎಮ್ಮಿಗೀ ಹೊದಿಸ್ತಾರ ಬೇಟಾ," ಅಂದರು. "ತಗೊಂಡು ಬಾ ಉಲನ್. ನಾ ಕಲಿಸ್ತೀನಿ."

ನಾನು ಮರುದಿನವೇ ಉಲನ್, ಅಂದರೆ ಹೆಣೆಯುವ ದಾರ, ತಂದೆ. ಅದರಲ್ಲೊಂದು ಲೆಕ್ಕ ಇಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಉಣ್ಣೆ ಬೆರೆಸಿದ್ದೂ ಇತ್ತು, ಬರೀ ಅಕ್ರಿಲಿಕ್, ಅಂದರೆ ಕೃತಕ ನೂಲಿನದು ಕೂಡ ಇತ್ತು. ಅಕ್ರಿಲಿಕ್ ತೆಗೆದುಕೊಂಡೆ. ಉಣ್ಣೆ ಹೆಚ್ಚು ಬೆಚ್ಚಗೆ ನಿಜ. ಆದರೆ ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಅದು ಕುಗ್ಗಿ ಗಟ್ಟಿಯಾಗುತ್ತದೆ. ನಾಯಿಯ ಬಟ್ಟೆ ವಾರಕ್ಕೊಮ್ಮೆಯಾದರೂ ಒಗೆಯಲೇಬೇಕು. ಅಕ್ರಿಲಿಕ್‌ಗೆ ಆ ಚಿಂತೆ ಇಲ್ಲ, ಬೇಗ ಒಣಗುತ್ತದೆ, ಚುಚ್ಚುವುದಿಲ್ಲ. ಒಂದೇ ಅಪಾಯ ಅಂದರೆ ಬೆಂಕಿ. ಬೆಂಕಿ ತಾಗಿದರೆ ಅದು ಕರಗಿ ಮೈಗೆ ಅಂಟುತ್ತದೆ. ಚಿಗರಿಗೆ ನೀರು ಕಾಯಿಸುವ ಒಲೆಯ ಹತ್ತಿರ ಮಲಗುವ ಅಭ್ಯಾಸ ಇತ್ತು. ಸ್ವೆಟರ್ ಹಾಕಿದ ದಿನದಿಂದ ಒಲೆಯ ಬದಿಗೆ ಹಲಗೆ ಅಡ್ಡ ಇಡುತ್ತೇನೆ. ಬಣ್ಣ ಅರಿಶಿನದ್ದು ಆರಿಸಿದೆ. ನಸುಕಿನಲ್ಲಿ ಮಂಜು ಇರುವಾಗ ರಸ್ತೆ ದಾಟಿದರೆ ಗಾಡಿಯವರಿಗೆ ದೂರದಿಂದ ಕಾಣಲಿ ಅಂತ.

ಕಡ್ಡಿಯ ನಂಬರಿನ ವಿಷಯ ಹೊಸಬರು ತಿಳಿದುಕೊಳ್ಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ನಂಬರು. ನಂಬರು ಹೆಚ್ಚಾದಷ್ಟೂ ಕಡ್ಡಿ ತೆಳು. 8ನೇ ನಂಬರ್ ಅಂದರೆ 4 ಮಿಲಿಮೀಟರ್ ದಪ್ಪ. 10ನೇ ನಂಬರ್ ಅಂದರೆ 3.25 ಮಿಲಿಮೀಟರ್. ಇದು ಗೊತ್ತಿಲ್ಲದೆ ನಾನು ದಪ್ಪ ಕಡ್ಡಿ ಬೇಕು ಅಂತ 12ನೇ ನಂಬರ್ ತಂದು, ವಾಪಸ್ ಹೋಗಿ ಬದಲಾಯಿಸಿಕೊಂಡು ಬಂದೆ.

ಮೊದಲ ಒಂದು ವಾರ ಬರೀ ಕಲಿಕೆ. ಸೀದಾ, ಉಲ್ಟಾ ಈ ಎರಡು ಬಂದರೆ ಸಾಕು, ನಾಯಿಯ ಸ್ವೆಟರ್ ಆಗುತ್ತದೆ. ಕಡ್ಡಿಯ ಮೇಲೆ ಕೂರುವ ದಾರದ ಒಂದೊಂದು ಸುತ್ತು ಒಂದೊಂದು ಕುಣಿಕೆ. ಬೀಜಿ ಅದಕ್ಕೆ ಫಂದಾ ಅನ್ನುತ್ತಾರೆ. ದಾರ ಹಿಂದೆ ಇಟ್ಟು ಕಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ತೂರಿಸಿ ಎಳೆದರೆ ಸೀದಾ. ದಾರ ಮುಂದೆ ತಂದು ಎಳೆದರೆ ಉಲ್ಟಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೋದರೆ ಅಂಗಡಿಯ ಸ್ವೆಟರಿನಂಥ ನುಣುಪು ಬಟ್ಟೆ. ಎಲ್ಲಾ ಸಾಲೂ ಸೀದಾ ಹೆಣೆದರೆ ಗೆರೆಗೆರೆಯ ದಪ್ಪ ಬಟ್ಟೆ. ನುಣುಪು ಬಟ್ಟೆಯ ಅಂಚು ಸುರುಳಿ ಸುತ್ತುತ್ತದೆ, ಗೆರೆ ಬಟ್ಟೆಯದು ಸುತ್ತುವುದಿಲ್ಲ. ಹಾಗಾಗಿ ಅಂಚಿನಲ್ಲೆಲ್ಲ ಗೆರೆ ಹೆಣಿಗೆ ಬೇಕು. ಎರಡು ಸೀದಾ ಎರಡು ಉಲ್ಟಾ ಒಂದೇ ಸಾಲಿನಲ್ಲಿ ಹೋದರೆ ರಬ್ಬರಿನಂತೆ ಹಿಗ್ಗುವ ಪಟ್ಟಿ. ಅದು ಕೊರಳಿಗೆ.

ಕೈ ಸ್ವಲ್ಪ ಕುದುರಿತು. ಅವಸರ ಮಾಡಿದೆ. ಬೀಜಿ ಊರಿಗೆ ಹೋಗಿದ್ದರು, ಬರುವುದರೊಳಗೆ ಮುಗಿಸಿ ತೋರಿಸಬೇಕು ಅಂತ ಆಸೆ. ಚಿಗರಿ ಮಲಗಿದ್ದಾಗ ಟೇಪು ಹಿಡಿದು ಎದೆಯ ಸುತ್ತಳತೆ, ಬೆನ್ನಿನ ಉದ್ದ ಎರಡೇ ತೆಗೆದೆ. ಮಗುವಿನ ಸ್ವೆಟರಿನಂತೆ ಕೊರಳಿನಿಂದ ಬಾಲದವರೆಗೆ ಒಂದೇ ಅಗಲದ ಕೊಳವೆ. ಹನ್ನೆರಡು ದಿನ ರಾತ್ರಿ ಕೂತು ಹೆಣೆದೆ. ಹಾಕಿದಾಗ ಚೆನ್ನಾಗಿಯೇ ಕಾಣಿಸಿತು. ಅವಳು ನಾಲ್ಕು ಹೆಜ್ಜೆ ನಡೆದಳು. ಬೆನ್ನಿನ ಮೇಲಿದ್ದದ್ದು ತಿರುಗಿ ಹೊಟ್ಟೆಯ ಕೆಳಗೆ ಬಂತು. ಸೊಂಟದ ಹತ್ತಿರ ಜೋಳಿಗೆಯಂತೆ ಜೋತುಬಿತ್ತು. ಹಿಂದಿನ ಕಾಲು ಅದರೊಳಗೆ ಸಿಕ್ಕಿ ಮೆಟ್ಟಿಲಿನ ಮೇಲೆ ಮುಗ್ಗರಿಸಿದಳು. ಕೀಲು ನೋಯುವ ನಾಯಿ ಹಾಗೆ ಬಿದ್ದರೆ ನೋಡುವವರಿಗೆ ಹೇಗಾಗಬೇಕು? ಆವತ್ತೇ ಬಿಚ್ಚಿದೆ.

ಬೀಜಿ ಬಂದು ಆ ಕೊಳವೆಯನ್ನು ಕೈಯಲ್ಲಿ ಹಿಡಿದು ನೋಡಿದರು.

"ಇದು ನಿನ್ನ ನಾಯೀದು ಅಲ್ಲ. ಯಾವ್ದೋ ನಾಯೀದು," ಅಂದರು. "ಮೊದಲ್ ಅಳತಿ, ಆಮ್ಯಾಲ ಉಲನ್."

ಬ್ಲೌಸ್ ಹೊಲಿಯುವ ನನಗೆ ಈ ಮಾತು ಚೆನ್ನಾಗಿ ನಾಟಿತು. ಯಾರಾದರೂ ಬಂದು ಎದೆ ಸುತ್ತಳತೆ ಒಂದೇ ಕೊಟ್ಟು ಬ್ಲೌಸ್ ಹೊಲಿ ಅಂದರೆ ನಾನು ಒಪ್ಪುತ್ತೇನಾ? ಕೊರಳು, ತೋಳು, ಬಗಲು, ಸೊಂಟ ಎಲ್ಲಾ ಬೇಕು. ಚಿಗರಿಯ ಮೈ ಮಗುವಿನ ಮೈ ಅಲ್ಲ. ಎದೆ ಅಗಲಕ್ಕಿಂತ ಆಳ ಜಾಸ್ತಿ. ಎದೆಯಿಂದ ಸೊಂಟಕ್ಕೆ ಹೋಗುವಷ್ಟರಲ್ಲಿ ಒಂದು ಗೇಣು ಕಮ್ಮಿಯಾಗುತ್ತದೆ. ತೋಳು ಪಕ್ಕಕ್ಕಿಲ್ಲ, ಕೆಳಗಿದೆ.

ಮತ್ತೆ ಅಳತೆ ತೆಗೆದೆವು, ಈ ಸಲ ನಿಲ್ಲಿಸಿ. ಮಲಗಿದಾಗ, ಕೂತಾಗ ಬೆನ್ನು ಬಾಗಿರುತ್ತದೆ, ಎದೆ ಹರಡಿರುತ್ತದೆ, ಅಳತೆ ಸುಳ್ಳು ಬರುತ್ತದೆ. ನಮ್ಮ ಮನೆಯವರು ಮುಂದೆ ನಿಂತು ಕೈಯಲ್ಲಿ ರೊಟ್ಟಿ ಹಿಡಿದರು. ನಾನು ಟೇಪು ಹಿಡಿದೆ. ಬೀಜಿ ಬರೆದುಕೊಂಡರು. ಕೊರಳಿನ ಬುಡದಿಂದ ಬಾಲದ ಬುಡಕ್ಕೆ 54 ಸೆಂಟಿಮೀಟರ್. ಕೊರಳು 33. ಕಿವಿಯ ಹತ್ತಿರ ತಲೆ 36. ಮುಂಗಾಲಿನ ಹಿಂದೆ ಎದೆಯ ಅತಿ ದಪ್ಪ ಜಾಗ 61. ಸೊಂಟ 44. ಮುಂಗಾಲಿನ ಬುಡದ ಸುತ್ತಳತೆ 24. ಮುಂಗಾಲಿನ ನಡುವಿನಿಂದ ಪಕ್ಕೆಲುಬು ಮುಗಿಯುವವರೆಗಿನ ಹೊಟ್ಟೆ ಕೂಡ ಅಳೆದೆವು.

ಹೆಣೆದದ್ದನ್ನು ಬಿಚ್ಚಿದ ದಾರ ಗುಂಗುರು ಕೂದಲಿನ ಹಾಗೆ ಆಗಿತ್ತು. ಅದರಿಂದಲೇ ಮತ್ತೆ ಹೆಣೆದರೆ ಕುಣಿಕೆ ಒಂದು ದೊಡ್ಡದು ಒಂದು ಸಣ್ಣದು ಬರುತ್ತದೆ. ಬೀಜಿ ಉಪಾಯ ಹೇಳಿದರು. ಕುರ್ಚಿಯ ಬೆನ್ನಿಗೆ ದಾರ ಸುತ್ತಿ, ನಾಲ್ಕು ಕಡೆ ಸಡಿಲಾಗಿ ಗಂಟು ಕಟ್ಟಿ ಲಡಿ ಮಾಡಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ತೂಗುಹಾಕಬೇಕು. ಕೆಳಗೆ ಒಂದು ಸಣ್ಣ ಭಾರ. ನಾನು ಖಾಲಿ ತಂಬಿಗೆ ಕಟ್ಟಿದ್ದೆ. ಮರುದಿನಕ್ಕೆ ದಾರ ಬಹುಮಟ್ಟಿಗೆ ನೆಟ್ಟಗಾಯಿತು.

ಎರಡನೆಯದನ್ನು ಹೆಣೆಯುವ ಮೊದಲು ಒಂದು ಮಾದರಿ ತುಂಡು ಹೆಣೆಸಿದರು. 30 ಕುಣಿಕೆ, 40 ಸಾಲು. ಒಗೆದು ಒಣಗಿಸಿ, ಮಧ್ಯದಲ್ಲಿ 10 ಸೆಂಟಿಮೀಟರಿಗೆ ಎಷ್ಟು ಅಂತ ಎಣಿಸಿದೆವು. 8ನೇ ನಂಬರ್ ಕಡ್ಡಿಯಲ್ಲಿ, ನನ್ನ ಕೈಯಲ್ಲಿ, ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 28 ಸಾಲು ಬಂತು. ನನ್ನ ಕೈಯಲ್ಲಿ ಅಂತ ಒತ್ತಿ ಹೇಳುತ್ತೇನೆ. ಅದೇ ಕಡ್ಡಿ, ಅದೇ ದಾರ ಬೀಜಿ ಹಿಡಿದರೆ 24 ಬರುತ್ತದೆ, ಅವರ ಕೈ ಬಿಗಿ. ಈ ಲೆಕ್ಕ ಸಿಕ್ಕಮೇಲೆ ಉಳಿದದ್ದೆಲ್ಲ ಗುಣಾಕಾರ. 42 ಸೆಂಟಿಮೀಟರ್ ಅಗಲ ಬೇಕಾದರೆ 92 ಕುಣಿಕೆ, ಅಷ್ಟೇ.

ಎರಡನೆಯದು ಮೈಗೆ ಕೂತಿತು. ಆದರೂ ಅದರಲ್ಲಿ ಎರಡು ತಪ್ಪು ಆದವು. ಎರಡೂ ನನ್ನ ಹೊಲಿಗೆಯ ಅಭ್ಯಾಸದಿಂದ ಬಂದ ತಪ್ಪುಗಳೇ.

ಒಂದು, ಬೆನ್ನಿನ ಭಾಗ ಮತ್ತು ಹೊಟ್ಟೆಯ ಭಾಗವನ್ನು ಮಶೀನಿನಲ್ಲಿ ಜೋಡಿಸಿದೆ. ಮಶೀನಿನ ಹೊಲಿಗೆ ಹಿಗ್ಗುವುದಿಲ್ಲ. ಹೆಣಿಗೆ ಹಿಗ್ಗುತ್ತದೆ. ಅವಳು ಮೈ ಮುರಿದಾಗ ಪಟಪಟ ಅಂತ ದಾರ ಹರಿಯಿತು. ಅದಕ್ಕಿಂತ ಕೆಟ್ಟದ್ದು, ಹೊಲಿಗೆಯ ಒಳಗಿನ ದಪ್ಪ ಏಣು ಬಗಲಿಗೆ ತಿಕ್ಕುತ್ತಿತ್ತು. ಮುಂಗಾಲು ಹೊರಬರಲು ಬಿಟ್ಟ ಸೀಳು 10 ಸೆಂಟಿಮೀಟರ್ ಮಾತ್ರ. ಸೀಳು ತೆರೆದಾಗ ಸುತ್ತಳತೆ 20 ಆಗುತ್ತದೆ. ಕಾಲು 24. ಹಿಗ್ಗುತ್ತದಲ್ಲ, ಸಾಕಾಗಬಹುದು ಅಂದುಕೊಂಡಿದ್ದೆ. ಮೂರೇ ದಿನದಲ್ಲಿ ಎರಡೂ ಬಗಲು ಕೆಂಪಾಗಿ, ಅವಳು ನೆಕ್ಕಲು ಶುರು ಮಾಡಿದಳು. ನಾಯಿ ನಡೆಯುವಾಗ ಮುಂಗಾಲು ಎಷ್ಟು ಮುಂದಕ್ಕೆ ಚಾಚುತ್ತದೆ ಅಂತ ಆಮೇಲೆ ಗಮನಿಸಿದೆ. ಅಲ್ಲಿ ಬಿಗಿ ಇರಲೇಬಾರದು.

ಎರಡನೆಯ ತಪ್ಪು ಗುಂಡಿ. ಬಿಚ್ಚಿ ಹಾಕಲು ಸುಲಭ ಆಗಲಿ ಅಂತ ಹೊಟ್ಟೆಯ ಪಕ್ಕ ನಾಲ್ಕು ಗುಂಡಿ ಇಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಮೂರೇ ಇವೆ. ಗುಂಡಿಯ ಜೊತೆ ಅಲ್ಲಿನ ಉಲನ್ ಕೂಡ ಕಿತ್ತುಬಂದಿತ್ತು. ಎದೆ ಧಸಕ್ಕೆಂದಿತು. ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ಫೋಟೊ ತೆಗೆಸಿ, ಗುಂಡಿ ಸಣ್ಣದು, ತಾನಾಗಿ ಹೋಗುತ್ತದೆ, ಎರಡು ದಿನ ಕಾಯೋಣ ಅಂದರು. ಹೋಯಿತು ಕೂಡ. ಆದರೆ ಅವರು ಹೇಳಿದ ಇನ್ನೊಂದು ಮಾತು ನಾಯಿ, ಬೆಕ್ಕು ಸಾಕಿದ ಎಲ್ಲರಿಗೂ ಗೊತ್ತಿರಬೇಕು. ಗುಂಡಿಗಿಂತ ದಾರ ಅಪಾಯ. ಉದ್ದ ದಾರ ನುಂಗಿದರೆ ಒಂದು ತುದಿ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ಹೋಗಿ ತಾನೇ ನೆರಿಗೆ ನೆರಿಗೆಯಾಗಿ ಸುರುಟಿಕೊಳ್ಳುತ್ತದೆ. ದಾರ ಕರುಳನ್ನು ಕೊಯ್ಯಲೂಬಹುದು. ಆಗ ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ. ಬಾಯಿಂದಲೋ ಹಿಂದಿನಿಂದಲೋ ದಾರ ಕಂಡರೆ ನಾವು ಎಳೆಯಲೇಬಾರದು. ಹಾಗೇ ಕರೆದುಕೊಂಡು ಹೋಗಬೇಕು.

ಆವತ್ತಿನಿಂದ ನಮ್ಮ ಮನೆಯಲ್ಲಿ ಹೆಣಿಗೆಯ ಬುಟ್ಟಿಗೆ ಮುಚ್ಚಳ ಬಂತು. ಸ್ವೆಟರಿನಲ್ಲಿ ಒಂದು ಎಳೆ ಹೊರಗೆ ಬಂದರೂ ಮೊದಲು ತೆಗೆದು ರಿಪೇರಿ ಮಾಡಿ, ಆಮೇಲೆ ಹಾಕುತ್ತೇನೆ. ಗುಂಡಿ, ಝಿಪ್, ಗೊಂಡೆ, ಚಮ್ಕಿ ಯಾವುದೂ ಬೇಡ. ನೋಡಲು ಚಂದ ಅಂತ ನಾಯಿಯ ಬಟ್ಟೆಗೆ ಅಂಥವನ್ನು ಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ.

ಬಗಲು ಮಾಯಲು ಹತ್ತು ದಿನ ಬಿಟ್ಟೆ. ಅಷ್ಟರಲ್ಲಿ ಮೂರನೆಯದರ ಲೆಕ್ಕ ಹಾಕಿದೆ. ಅದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ನಿಮ್ಮ ನಾಯಿ ಬೇರೆ, ನಿಮ್ಮ ಕೈ ಬೇರೆ, ಕುಣಿಕೆಯ ಸಂಖ್ಯೆ ಬದಲಾಗುತ್ತದೆ. ಆದರೆ ಹೋಗುವ ದಾರಿ ಇದೇ.

ಎರಡು ಭಾಗ, ಬೆನ್ನು ಮತ್ತು ಹೊಟ್ಟೆ. ಎರಡನ್ನೂ ಕೊರಳಿನಿಂದ ಶುರು ಮಾಡಿದೆ. ಬೆನ್ನಿಗೆ 54 ಕುಣಿಕೆ ಹಾಕಿ, 10ನೇ ನಂಬರ್ ಕಡ್ಡಿಯಲ್ಲಿ ಎರಡು ಸೀದಾ ಎರಡು ಉಲ್ಟಾ ಪಟ್ಟಿ 8 ಸೆಂಟಿಮೀಟರ್. ಕುಣಿಕೆ ಹಾಕುವಾಗ ಮಾತ್ರ ದಪ್ಪ ಕಡ್ಡಿ ಬಳಸಿದೆ. ಇಲ್ಲದಿದ್ದರೆ ಮೊದಲ ಸಾಲು ಬಿಗಿಯಾಗಿ ತಲೆ ತೂರುವುದಿಲ್ಲ. ಮುಧೋಳದಂಥ ನಾಯಿಗಳಿಗೆ ತಲೆ ಕೊರಳಿನಷ್ಟೇ ಇರುವುದರಿಂದ ಇದು ಕಷ್ಟ ಆಗಲಿಲ್ಲ. ದಪ್ಪ ತಲೆಯ ನಾಯಿಯಾದರೆ ಕೊರಳಿನ ಪಟ್ಟಿ ಇನ್ನೂ ಸಡಿಲ ಬೇಕು. ಪಟ್ಟಿ ಮುಗಿದ ಮೇಲೆ 8ನೇ ನಂಬರಿಗೆ ಬದಲಾಯಿಸಿದೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ, ಎರಡೂ ತುದಿಯಲ್ಲಿ ಒಂದೊಂದು ಕುಣಿಕೆ ಹೆಚ್ಚಿಸುತ್ತಾ 19 ಸಲ ಹೋದರೆ 92 ಆಗುತ್ತದೆ. ಅದೇ ಎದೆಯ ಅಗಲ. ಅಲ್ಲಿಂದ ನೇರ. ಪಟ್ಟಿಯ ನಂತರ 84ನೇ ಸಾಲು ಬಂದಾಗ ಹೊಟ್ಟೆಯ ಭಾಗ ಮುಗಿಯುವ ಜಾಗ. ಅಲ್ಲಿಂದ ಬೆನ್ನಿನ ಎರಡೂ ಅಂಚಿನಲ್ಲಿ 6 ಕುಣಿಕೆ ಯಾವಾಗಲೂ ಸೀದಾ, ಸುರುಳಿ ಸುತ್ತದಿರಲಿ ಅಂತ. ನಾಲ್ಕು ಸಾಲಿಗೊಮ್ಮೆ ಅಂಚಿನ ಒಳಗೆ ಎರಡೂ ಕಡೆ ಎರಡೆರಡು ಕುಣಿಕೆ ಒಟ್ಟಿಗೆ ಹೆಣೆದು ಕಡಿಮೆ ಮಾಡುತ್ತಾ ಬಂದೆ. 14 ಸಲ ಮಾಡಿದಾಗ 64 ಉಳಿಯುತ್ತದೆ. ಕೊನೆಯ 10 ಸಾಲು ಪೂರ್ತಿ ಗೆರೆ ಹೆಣಿಗೆ. 140ನೇ ಸಾಲಿಗೆ ಸಡಿಲಾಗಿ ಮುಚ್ಚಿದೆ. ಬಾಲದ ಬುಡಕ್ಕಿಂತ 4 ಸೆಂಟಿಮೀಟರ್ ಮೊದಲೇ ನಿಂತರೆ ಬಾಲ ಎತ್ತಲು, ಕೂರಲು ಆರಾಮ.

ಹೊಟ್ಟೆಯ ಭಾಗಕ್ಕೆ 26 ಕುಣಿಕೆ. ಅದೇ ಪಟ್ಟಿ. ಆಮೇಲೆ 11 ಸಲ ಹೆಚ್ಚಿಸಿ 48. ಮುಂಗಾಲಿನ ಜಾಗ ದಾಟಿದ ಮೇಲೆ ನಿಧಾನಕ್ಕೆ ಕಡಿಮೆ ಮಾಡುತ್ತಾ ಕೊನೆಗೆ 28. ಮೊದಲಿನ ಸ್ವೆಟರ್ ತಿರುಗಿ ಬೀಳುತ್ತಿದ್ದದ್ದಕ್ಕೆ ಇದೇ ಮದ್ದು. ಸೊಂಟ ಸಣ್ಣದಾಗುವುದನ್ನು ಹೊಟ್ಟೆಯ ತುಂಡೇ ಹಿಡಿಯಬೇಕು. ಹೊಟ್ಟೆಯ ಭಾಗ ಪಕ್ಕೆಲುಬಿನ ಹತ್ತಿರ ಮುಗಿಯಬೇಕು. ಹೆಣ್ಣು ನಾಯಿಗೆ ಇಷ್ಟು ಉದ್ದ ನಡೆಯುತ್ತದೆ. ಗಂಡು ನಾಯಿಗೆ ಇನ್ನೂ ಗಿಡ್ಡ ಬೇಕು, ಇಲ್ಲದಿದ್ದರೆ ಉಚ್ಚೆಯಲ್ಲಿ ಒದ್ದೆಯಾಗುತ್ತದೆ. ಒದ್ದೆ ಸ್ವೆಟರ್ ಹಾಕಿಕೊಂಡ ನಾಯಿಗೆ ಬರಿಮೈ ನಾಯಿಗಿಂತ ಥಂಡಿ ಜಾಸ್ತಿ.

ಜೋಡಿಸಿದ್ದು ಕೈಯಲ್ಲಿ. ಮೊಂಡು ತುದಿಯ ದೊಡ್ಡ ಸೂಜಿ, ಅದೇ ಉಲನ್. ಎರಡು ಅಂಚನ್ನೂ ಪಕ್ಕ ಪಕ್ಕ ಇಟ್ಟು, ಒಂದರ ಮೇಲೊಂದು ಇಡದೆ, ಆ ಕಡೆಯ ಒಂದು ಎಳೆ, ಈ ಕಡೆಯ ಒಂದು ಎಳೆ ಹಿಡಿದು ಹೊಲಿದರೆ ಒಳಗೆ ಗಟ್ಟಿ ಏಣು ಬರುವುದಿಲ್ಲ. ಹಿಗ್ಗುತ್ತದೆ ಕೂಡ. ಮುಂಗಾಲಿನ ಸೀಳು ಈ ಸಲ 15 ಸೆಂಟಿಮೀಟರ್, ಅಂದರೆ ತೆರೆದರೆ 30. ಸೀಳಿನ ಜಾಗದಲ್ಲಿ ಎರಡೂ ಭಾಗದ ಅಂಚಿಗೆ 4 ಕುಣಿಕೆ ಗೆರೆ ಹೆಣಿಗೆ ಮೊದಲೇ ಹೆಣೆದಿದ್ದೆ. ಸೀಳು ಎಲ್ಲಿ ಶುರುವಾಗಬೇಕು ಅನ್ನುವುದನ್ನು ಟೇಪಿನಿಂದ ಮಾತ್ರ ಹೇಳಲು ಆಗುವುದಿಲ್ಲ. ಕೊರಳು ಜೋಡಿಸಿದ ಮೇಲೆ ನಾಯಿಗೆ ತೊಡಿಸಿ, ಕಾಲು ಇರುವ ಜಾಗಕ್ಕೆ ಬೇರೆ ಬಣ್ಣದ ದಾರದ ಗುರುತು ಹಾಕಿ, ತೆಗೆದು ಉಳಿದದ್ದು ಹೊಲಿಯಬೇಕು. ಬ್ಲೌಸಿಗೆ ಟ್ರಯಲ್ ನೋಡಿದ ಹಾಗೆ.

ಹಿಂದಿನ ತುದಿ ಗಾಳಿಗೆ ಏಳದಿರಲು ಎರಡು ಮೆತ್ತನೆಯ ಎಲಾಸ್ಟಿಕ್ ಉಂಗುರ ಹಾಕಿದೆ, ಹಿಂಗಾಲು ತೂರಿಸಲು. ಎಲಾಸ್ಟಿಕ್ಕಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎಲ್ಲಾ ಸೇರಿ ಸುಮಾರು 250 ಗ್ರಾಂ ಉಲನ್ ಹಿಡಿಯಿತು. ದಿನಕ್ಕೆ ಎರಡು ಗಂಟೆಯಂತೆ 22 ದಿನ.

ತೊಡಿಸುವುದಕ್ಕೂ ತಾಳ್ಮೆ ಬೇಕು. ಮೊದಲ ದಿನ ಬರೀ ಮೂಸಲು ಕೊಟ್ಟೆ. ಅವಳ ಹಾಸಿಗೆಯ ಮೇಲೆ ಒಂದು ರಾತ್ರಿ ಇಟ್ಟೆ. ಮರುದಿನ ಕೊರಳಿಗೆ ಮಾತ್ರ ತೂರಿಸಿ, ಒಂದು ತುಂಡು ರೊಟ್ಟಿ ಕೊಟ್ಟು ತೆಗೆದೆ. ನಾಲ್ಕನೆಯ ದಿನ ಪೂರ್ತಿ. ಹಾಕಿದ ಕೂಡಲೇ ಕಲ್ಲಿನಂತೆ ನಿಂತುಬಿಟ್ಟಳು, ಒಂದು ಹೆಜ್ಜೆಯೂ ಇಡಲಿಲ್ಲ. ಸುಮ್ನೆ ಬಿಟ್ಟೆ. ನಮ್ಮ ಮನೆಯವರು ಗೇಟಿನ ಚಿಲಕ ತೆಗೆದ ಸದ್ದಿಗೆ ಎಲ್ಲಾ ಮರೆತು ಓಡಿದಳು. ಓಡುವಾಗ ನಾನು ಹಿಂದಿನಿಂದ ನೋಡಿದ್ದು ಬಗಲು, ಸೊಂಟ, ಬಾಲ. ಮೂರೂ ಕಡೆ ಎಲ್ಲೂ ಎಳೆಯುತ್ತಿರಲಿಲ್ಲ. ಸ್ವೆಟರ್ ತಿರುಗಲಿಲ್ಲ.

ನಮ್ಮ ಅತ್ತೆಗೆ ಶುರುವಿನಲ್ಲಿ ಇದೆಲ್ಲ ಹಿಡಿಸಿರಲಿಲ್ಲ.

"ನಾಯಿಗಿ ಥಂಡಿ ಆಗ್ತದೇನವಾ? ದೇವರು ಕೂದಲ ಕೊಟ್ಟಾನಲ್ಲ," ಅನ್ನುತ್ತಿದ್ದರು.

ನಾನು ವಾದ ಮಾಡಲಿಲ್ಲ. ಒಂದು ಬೆಳಿಗ್ಗೆ ಅವಳ ಕಿವಿಯ ತುದಿ, ಪಾದ ಮುಟ್ಟಿ ನೋಡಿ ಅತ್ತಿ ಅಂದೆ. ಮುಟ್ಟಿದರು. ಐಸಿನ ಹಾಗಿತ್ತು. ಅವರೇ ಒಳಗೆ ಹೋಗಿ ತಮ್ಮ ಹಳೆಯ ಶಾಲು ತಂದು ಹೊದಿಸಿದರು. ಮುಂದೆ ರಾತ್ರಿ ಸ್ವೆಟರ್ ಹಾಕುವ ಕೆಲಸ ಅವರದೇ ಆಯಿತು. ಬಗ್ಗಲು ಮಂಡಿ ನೋವು, ಆದರೂ ಮಣೆಯ ಮೇಲೆ ಕೂತು ಹಾಕುತ್ತಾರೆ. "ಕಾಲ ಕೊಡವಾ," ಅಂದರೆ ಚಿಗರಿ ಈಗ ಕಾಲು ಎತ್ತುತ್ತಾಳೆ.

ಆ ವರ್ಷ ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗುವಾಗ ಚಿಗರಿಯನ್ನೂ ಕರೆದುಕೊಂಡು ಹೋಗಿದ್ದೆವು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲಾ ಗಂಟು ಕಟ್ಟಿಕೊಂಡು ನಸುಕಿನಲ್ಲೇ ಹೊರಟಿದ್ದರಿಂದ ಸ್ವೆಟರ್ ಹಾಕಿಯೇ ಇತ್ತು. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವ ಗಡಿಬಿಡಿಯಲ್ಲಿ ತೆಗೆಯುವುದನ್ನು ಮರೆತೆ. ಅವಳು ಕೊಯ್ದ ತೊಗರಿಯ ಕೂಳೆಯಲ್ಲಿ ಓಡಾಡಿ, ಜಾಲಿಗಿಡದ ಕೆಳಗೆ ನುಸುಳಿ ಬಂದಳು. ಮೈ ತುಂಬಾ ಉತ್ತರಾಣಿ ಕಾಳು. ಒಂದು ಮುಳ್ಳಿಗೆ ಸಿಕ್ಕಿ ಬೆನ್ನಿನ ಮೇಲೆ ಒಂದು ಎಳೆ ಗೇಣುದ್ದ ಹೊರಗೆ ಬಂದಿತ್ತು. ಮುಳ್ಳಿಗೆ ಸಿಕ್ಕಿಕೊಂಡು ಅವಳೇ ಅಲ್ಲಿ ನಿಂತುಬಿಟ್ಟಿದ್ದರೆ ಅನ್ನುವ ಯೋಚನೆಗೆ ನನಗೆ ಊಟ ಸೇರಲಿಲ್ಲ. ಹೊಲ, ಪೊದೆ, ಬೇರೆ ನಾಯಿಗಳ ಜೊತೆ ಆಟ, ಎಲ್ಲೇ ಆದರೂ ಮೊದಲು ಸ್ವೆಟರ್ ತೆಗೆದುಬಿಡಬೇಕು. ಅದು ಮಲಗುವಾಗ ಮತ್ತು ಹಗ್ಗ ಹಿಡಿದು ನಡೆಸುವಾಗ ಮಾತ್ರ. ಹೊರಬಂದ ಎಳೆಯನ್ನು ಕತ್ತರಿಸಬಾರದು, ಕತ್ತರಿಸಿದರೆ ಬಿಚ್ಚುತ್ತಾ ಹೋಗುತ್ತದೆ. ಕ್ರೋಶಾ ಕಡ್ಡಿಯಿಂದ ಅಕ್ಕಪಕ್ಕದ ಕುಣಿಕೆಗೆ ಸ್ವಲ್ಪ ಸ್ವಲ್ಪ ಹಂಚಿ ಒಳಗೆ ಎಳೆದುಕೊಂಡೆ. ಈಗ ಆ ಜಾಗ ಯಾವುದು ಅಂತ ನನಗೂ ಕಾಣುವುದಿಲ್ಲ.

ಇನ್ನೊಂದು ವಿಷಯ, ನಮ್ಮ ಊರಿಗೆ ಇದು ಬಹಳ ಮುಖ್ಯ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಏರಿದರೆ ಸ್ವೆಟರ್ ತೆಗೆಯಲೇಬೇಕು. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ಬಾಯಿ ತೆರೆದು ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಮಲಗಿದರೆ ಮೈ ಕಾಯುತ್ತದೆ, ಹೇಳಲು ಅದಕ್ಕೆ ಬಾಯಿಲ್ಲ. ತೇಕುತ್ತಿದ್ದರೆ, ನೆರಳಿಗೆ ಹೋಗಿ ನೆಲಕ್ಕೆ ಹೊಟ್ಟೆ ಅಂಟಿಸಿ ಮಲಗಿದರೆ ತೆಗೆಯಿರಿ. ನಡುಗಿದರೆ, ಉಂಡೆಯಾಗಿ ಮೂತಿಯನ್ನು ಬಾಲದೊಳಗೆ ತೂರಿಸಿ ಮಲಗಿದರೆ ಹಾಕಿರಿ. ದಪ್ಪ ಕೂದಲಿನ ನಾಯಿಗಳಿಗೆ, ಅಂದರೆ ಪೊಮೆರೇನಿಯನ್, ಜರ್ಮನ್ ಶೆಫರ್ಡ್ ಇಂಥವಕ್ಕೆ ನಮ್ಮ ಚಳಿಗೆ ಇದು ಬೇಕೇ ಇಲ್ಲ. ಮುದಿ ನಾಯಿ, ಸಣ್ಣ ಮರಿ, ಸೊರಗಿದ ನಾಯಿ, ಗಿಡ್ಡ ಕೂದಲಿನ ನಾಯಿಗೆ ಮಾತ್ರ.

ಸ್ವೆಟರ್ ಹಾಕಿದ್ದರಿಂದ ಕೀಲು ನೋವು ಹೋಯಿತು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಡಾಕ್ಟರು ಕೊಟ್ಟ ಮಾತ್ರೆ ನಡೆಯುತ್ತಿದೆ. ಆದರೆ ಬೆಳಿಗ್ಗೆ ಎದ್ದು ನಿಲ್ಲಲು ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ. ರಾತ್ರಿ ಎರಡು ಮೂರು ಸಲ ಎದ್ದು ಜಾಗ ಬದಲಾಯಿಸುವುದು ನಿಂತಿದೆ. ಅವಳ ಉಗುರಿನ ಟಕಟಕ ಸದ್ದು ಫರಸಿಯ ಮೇಲೆ ಕೇಳುವುದಿಲ್ಲ. ನನಗೂ ನಿದ್ದೆ ಬರುತ್ತದೆ.

ವಾರಕ್ಕೊಮ್ಮೆ ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ಒಗೆಯುತ್ತೇನೆ. ಹಿಂಡುವುದಿಲ್ಲ. ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಒಣಗಿಸುತ್ತೇನೆ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಜೋಲುತ್ತದೆ. ಸಂಕ್ರಾಂತಿ ಕಳೆದು ಥಂಡಿ ಇಳಿದ ಮೇಲೆ ಪೆಟ್ಟಿಗೆಯಲ್ಲಿ ಒಣ ಬೇವಿನ ಎಲೆ ಹಾಕಿ ಇಡುತ್ತೇನೆ. ಡಾಂಬರು ಗುಳಿಗೆ ಇಡಬೇಡಿ, ಅದು ನಾಯಿಗೆ ವಿಷ. ವಾಸನೆಯೂ ಬಟ್ಟೆಗೆ ಉಳಿಯುತ್ತದೆ.

ಈಗ ನನ್ನ ಕಡ್ಡಿಯ ಮೇಲೆ ಇನ್ನೊಂದಿದೆ. ಗುರುದ್ವಾರದ ಕಡೆಯಿಂದ ಬೀಜಿಯ ಹಿಂದೆ ಹಿಂದೆ ಬಂದ ಒಂದು ಕರಿ ಮುದಿ ನಾಯಿ ಅವರ ಅಂಗಳದಲ್ಲೇ ಉಳಿದುಕೊಂಡಿದೆ. ಬೀಜಿಯ ಕಣ್ಣಿಗೆ ಪೊರೆ ಬಂದು, ರಾತ್ರಿ ದೀಪದಲ್ಲಿ ಕುಣಿಕೆ ಎಣಿಸಲು ಆಗುತ್ತಿಲ್ಲ. ಅವರು ಅಳತೆ ಹಿಡಿದರು, ನಾನು ಬರೆದುಕೊಂಡೆ. ಕೊರಳು 38, ಎದೆ 66, ಬೆನ್ನು 50. ಗಂಡು ನಾಯಿ, ಹೊಟ್ಟೆಯ ಭಾಗ ಗಿಡ್ಡ. ಬಣ್ಣ ಕೇಸರಿ ಇರಲಿ ಅಂದಿದ್ದಾರೆ. ಬೆನ್ನಿನ 60ನೇ ಸಾಲಿನಲ್ಲಿದ್ದೇನೆ, ಎಳ್ಳಮವಾಸ್ಯೆಗೆ ಇನ್ನೂ ಹದಿನೆಂಟು ದಿನ ಇದೆ.